ಪರೀಕ್ಷೆ ಫೀ ಎಲ್ಲಿಗೆ ಹೋಗುತ್ತದೆ?

ನಿವೃತ್ತಳಾಗುವವರೆಗೂ ಪದವಿ ಕಾಲೇಜೊಂದರ ಕಚೇರಿಯಲ್ಲಿ ಪರೀಕ್ಷೆ ಫೀ ಕಟ್ಟಿಸಿಕೊಳ್ಳುವ ಕೆಲಸ ನನ್ನದಾಗಿತ್ತು. ನಮ್ಮ ಉಪ್ಪಿನಬೆಟಗೇರಿಯವರೇ ಯಾರಾದರೂ ಕಡಲೆ ಮಾರಿದ ರೊಕ್ಕ ತಂದು ಮಗಳ ಫೀ ಎಣಿಸಿಕೊಡುತ್ತ ಕೇಳುತ್ತಿದ್ದರು: "ಅಕ್ಕಾರ, ಇಷ್ಟೆಲ್ಲಾ ರೊಕ್ಕ ಯಾರಿಗೆ ಮುಟ್ಟತೈತ್ರಿ?"

ಮುಟ್ಟುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ. ಕಾಯಂ ನೌಕರರ ಪಗಾರಕ್ಕೆ ರಾಜ್ಯ ಸರ್ಕಾರದ ಅನುದಾನವಿದೆ. ಉಳಿದದ್ದಕ್ಕೆ ಹೆಚ್ಚಾಗಿ ಪರೀಕ್ಷೆ ಫೀ, ಕಾಲೇಜುಗಳ ಸಂಯೋಜನಾ ಶುಲ್ಕ, ಪ್ರವೇಶ ಶುಲ್ಕಗಳೇ ಆಧಾರ. ಯಾವುದಕ್ಕೆ ಎಷ್ಟು ಎಂಬ ಅಂದಾಜು ಮೊದಲು ಹಣಕಾಸು ಸಮಿತಿಗೆ, ಆಮೇಲೆ ಆಡಳಿತ ಮಂಡಳಿಯಾದ ಸಿಂಡಿಕೇಟ್‌ಗೆ ಹೋಗುತ್ತದೆ. ಕುಲಪತಿಗಳು ಅಧ್ಯಕ್ಷರು, ಸರ್ಕಾರ ಮತ್ತು ರಾಜ್ಯಪಾಲರು ನಾಮನಿರ್ದೇಶನ ಮಾಡಿದವರೂ ಅಲ್ಲಿ ಕೂಡುತ್ತಾರೆ.

ಆ ಸಭೆಯ ಕೈ ಈಗ ಯಾಕೆ ಇಷ್ಟು ಬಿಗಿಯಾಗಿದೆ ಎಂದು ತಿಳಿಯಬೇಕಾದರೆ ನಕಾಶೆ ನೋಡಬೇಕು. 1949ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯವನ್ನು ಕುಲಪತಿಯಾಗಿ ಡಿ.ಸಿ. ಪಾವಟೆಯವರು ಕಟ್ಟಿ ಬೆಳೆಸಿದ ಕಾಲಕ್ಕೆ ಅದರ ವ್ಯಾಪ್ತಿ ಬೀದರ್, ರಾಯಚೂರಿನವರೆಗೂ ಹಬ್ಬಿತ್ತು. 1980ರಲ್ಲಿ ಗುಲಬರ್ಗಾ ಬೇರೆಯಾಯಿತು. 2003ರಲ್ಲಿ ಮಹಿಳಾ ಕಾಲೇಜುಗಳು ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರಿದವು. 2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಹೋದವು. 2023ರಲ್ಲಿ ಹಾವೇರಿಯೂ ಹೋಯಿತು. ಉಳಿದದ್ದು ಧಾರವಾಡ, ಗದಗ, ಉತ್ತರ ಕನ್ನಡ. ಬೇರೆಯಾದ ಜಿಲ್ಲೆಗಳಿಗೂ ಹತ್ತಿರದಲ್ಲೇ ವಿಶ್ವವಿದ್ಯಾಲಯ ಬೇಕಿತ್ತು, ತಕರಾರಿಲ್ಲ. ಆದರೆ ಕಾಲೇಜುಗಳ ಜೊತೆ ಅವುಗಳ ಫೀ ಹೋಯಿತು. ದೊಡ್ಡ ವ್ಯಾಪ್ತಿಯ ಕಾಲದಲ್ಲಿ ದುಡಿದವರ ಪಿಂಚಣಿ ಮಾತ್ರ ಧಾರವಾಡದಲ್ಲೇ ಉಳಿಯಿತು. ಸರ್ಕಾರದ ಅನುದಾನ ಸಾಲದೆ ರಾಜ್ಯದ ಹಳೆಯ ವಿಶ್ವವಿದ್ಯಾಲಯಗಳು ಸ್ವಂತ ಆದಾಯದಿಂದ ಪಿಂಚಣಿ ಹೊಂದಿಸಬೇಕಾಗಿದೆ.

ಪಿಂಚಣಿ ದುಡಿದವರ ಹಕ್ಕು, ಅದನ್ನು ತಡೆಯುವುದು ಅನ್ಯಾಯ. ಆ ಹಕ್ಕಿಗಾಗಿ ಹಿರಿಯರು ಆಡಳಿತ ಕಚೇರಿಯ ಮುಂದೆ ಬಂದು ಕೂಡಬಲ್ಲರು. ಕರೆಂಟಿನ ಬಿಲ್ಲು ತುಂಬದಿದ್ದರೆ ಲೈನ್ ಕಟ್ಟಾಗುತ್ತದೆ. ಸಂಶೋಧನೆಯ ಹಣ ನಿಂತರೆ ಆ ದಿನ ಯಾರಿಗೂ ಏನೂ ಆಗುವುದಿಲ್ಲ. ಅದಕ್ಕೇ ಕೊರತೆ ಬಿದ್ದಾಗ ಕತ್ತರಿ ಮೊದಲು ಅಲ್ಲಿಗೇ ಹೋಗುತ್ತದೆ.

ಪ್ರಾಧ್ಯಾಪಕರು ದಿಲ್ಲಿಯಿಂದ ಪ್ರಾಜೆಕ್ಟ್ ತರಲಿ ಎನ್ನುವವರಿದ್ದಾರೆ. ತರುತ್ತಾರೆ. ವಿಶ್ವವಿದ್ಯಾಲಯದ ಪಾವಟೆನಗರ ಕ್ಯಾಂಪಸ್‌ನಲ್ಲಿ ಕೇಂದ್ರದ ವಿಜ್ಞಾನ ಇಲಾಖೆಯ ನೆರವಿನ ಉಪಕರಣ ಕೇಂದ್ರವಿದೆ. ಹೊರಗಿನ ಸಂಶೋಧಕರೂ ಸ್ಯಾಂಪಲ್ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಆದರೆ ಪ್ರಾಜೆಕ್ಟಿನ ಹಣ ಆಯಾ ಪ್ರಾಜೆಕ್ಟಿಗೇ ಮೀಸಲು. ಖಾಲಿ ಬಿದ್ದ ಪ್ರಾಧ್ಯಾಪಕ ಹುದ್ದೆಯನ್ನು ಅದರಿಂದ ತುಂಬಲಾಗದು, ಫೆಲೋಶಿಪ್ ಸಿಗದ ಹುಡುಗಿಗೆ ಅದರಿಂದ ತಿಂಗಳ ಖರ್ಚು ಕೊಡಲಾಗದು. 2023ರ ಕಾನೂನಿನಿಂದ ಬಂದ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಮಾತಾಡುತ್ತದೆ. ಅದರಲ್ಲಿ ಬಹುಪಾಲು ಸರ್ಕಾರದ ಹೊರಗಿನಿಂದ ಬರಬೇಕು. ಅದಕ್ಕೆ ಅರ್ಜಿ ಹಾಕುವುದಕ್ಕೂ ಪ್ರಯೋಗಾಲಯದಲ್ಲಿ ಮೊದಲೇ ಒಂದಷ್ಟು ಕೆಲಸ ಆಗಿರಬೇಕು. ಆ ಮೊದಲ ಕೆಲಸಕ್ಕೆ ವಿಶ್ವವಿದ್ಯಾಲಯದ್ದೇ ರೊಕ್ಕ ಬೇಕು.

ಸಂಶೋಧನೆಯ ಫಲ ಏನೆಂದು ಎರೆಭೂಮಿಯ ನಮಗೆ ಹೇಳಿಕೊಡಬೇಕಿಲ್ಲ. 1972ರ ವರಲಕ್ಷ್ಮಿ ಹತ್ತಿ, ಆಮೇಲೆ ಬಂದ ಜಯಲಕ್ಷ್ಮಿ, ಎರಡೂ ಧಾರವಾಡದ ಕೃಷಿ ಸಂಶೋಧಕರ ಕೈಯಿಂದ ಬಂದವು. ಅದು ಬೇರೆ ಸಂಸ್ಥೆಯ ಕೆಲಸ ನಿಜ. ಆದರೆ ವರ್ಷಗಟ್ಟಲೆ ಫಲ ಕಾಣದ ಕೆಲಸಕ್ಕೆ ಯಾರೋ ತಪ್ಪದೆ ಹಣ ಕೊಟ್ಟಿದ್ದಕ್ಕೇ ಆ ಬೀಜ ಹೊಲಕ್ಕೆ ಬಂತು.

ಹಳೆಯ ಪಿಂಚಣಿಯ ಭಾರವನ್ನು ರಾಜ್ಯ ಸರ್ಕಾರ ಪೂರ್ತಿ ಹೊರಬೇಕು; ವ್ಯಾಪ್ತಿ ಒಡೆದದ್ದು ಸರ್ಕಾರವೇ. ಸಿಂಡಿಕೇಟ್ ತನ್ನ ಆದಾಯದಲ್ಲಿ ಒಂದು ಪಾಲನ್ನು ಸಂಶೋಧನೆಗೆಂದು ಬೇರೆ ಖಾತೆಯಲ್ಲಿಟ್ಟು, ಬೇರಾವುದಕ್ಕೂ ಅದನ್ನು ತೆಗೆಯಬಾರದೆಂದು ಠರಾವು ಮಾಡಬೇಕು. ಬಜೆಟ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಕಾಲೇಜಿನ ಫೀ ಕೌಂಟರಿನಲ್ಲಿ ಇಡಬೇಕು.