ಪ್ರಯೋಗ (ವ್ಯಾಕರಣ)

ಕ್ರಿಯಾಪದವು ಕರ್ತೃವನ್ನು ಅನುಸರಿಸುತ್ತದೆಯೋ ಕರ್ಮವನ್ನೋ ಎಂಬುದನ್ನು ತೋರಿಸುವ ವ್ಯಾಕರಣ ವ್ಯವಸ್ಥೆಗೆ ಪ್ರಯೋಗ ಎಂದು ಹೆಸರು. ಸಂಸ್ಕೃತದಲ್ಲಿ ಕರ್ತರಿ, ಕರ್ಮಣಿ, ಭಾವೇ ಎಂಬ 3 ಪ್ರಯೋಗಗಳಿವೆ. ‘ರಾಮಃ ಫಲಂ ಖಾದತಿ’ ಎಂಬ ಕರ್ತರಿ ವಾಕ್ಯವು ಕರ್ಮಣಿಯಲ್ಲಿ ‘ರಾಮೇಣ ಫಲಂ ಖಾದ್ಯತೇ’ ಎಂದಾಗುತ್ತದೆ. ಕರ್ತೃಪದವು ತೃತೀಯಾ ವಿಭಕ್ತಿಯನ್ನೂ ಕರ್ಮಪದವು ಪ್ರಥಮಾ ವಿಭಕ್ತಿಯನ್ನೂ ಪಡೆಯುತ್ತವೆ. ಅಕರ್ಮಕ ಧಾತುಗಳಿಗೆ ಭಾವೇ ಪ್ರಯೋಗವುಂಟು.

ಪ್ರಾಚೀನ ಗ್ರೀಕ್ ಭಾಷೆಯಲ್ಲಿ ಮಧ್ಯಮ ಪ್ರಯೋಗವೂ ಇದೆ: ‘ಲೂಓ’ ಎಂದರೆ ತೊಳೆಯುತ್ತೇನೆ, ‘ಲೂಓಮೈ’ ಎಂದರೆ ಮೈ ತೊಳೆದುಕೊಳ್ಳುತ್ತೇನೆ. ಈ ಅರ್ಥವನ್ನು ಕನ್ನಡವು ‘ಕೊಳ್ಳು’ ಧಾತುವಿನಿಂದ ಸಾಧಿಸುತ್ತದೆ.

ಕನ್ನಡದ ಕರ್ಮಣಿ ರೂಪವು ‘ಪಡು’ ಧಾತುವಿನಿಂದ ಆಗುತ್ತದೆ (‘ಬರೆಯಲ್ಪಟ್ಟಿತು’). ಆಡುಮಾತಿನಲ್ಲಿ ಇದು ವಿರಳ. ಕರ್ತೃ ಯಾರೆಂದು ತಿಳಿಯದಾಗಲೂ ‘ಈ ಗುಡಿಯನ್ನು ಕಲ್ಲಿನಲ್ಲಿ ಕಟ್ಟಿದ್ದಾರೆ’ ಎಂದು ಕರ್ತೃಪದವನ್ನು ಬಿಟ್ಟು ಕರ್ತರಿಯಲ್ಲೇ ಹೇಳುವುದು ರೂಢಿ. ಆದುದರಿಂದ ಅನ್ಯಭಾಷೆಯ ಪ್ರತಿಯೊಂದು ಕರ್ಮಣಿ ವಾಕ್ಯವನ್ನೂ ‘ಪಡು’ ಸೇರಿಸಿಯೇ ಅನುವಾದಿಸಿದರೆ ಕನ್ನಡವು ಕೃತಕವಾಗುತ್ತದೆ.