ದೂರದ ಪಾಠ, ನೆರೆಯ ಗೆಳತಿ

೨೦೨೦ನೆಯ ಇಸ್ವಿಯ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಲ್ಪಟ್ಟು, ಮುಂದೆ ಪಾಠಗಳು ಮೊಬೈಲಿನ ಮುಖಾಂತರ ನಡೆಯಹತ್ತಿದ ಸಂಗತಿಯು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ವಿದಿತವೇ ಇದೆ. ಪಾಠವು ಮನೆಯನ್ನು ಮುಟ್ಟಿತು. ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತುಕೊಳ್ಳುವ ಗೆಳತಿಯು ಮುಟ್ಟಲಿಲ್ಲ.

ಗಣಿತದ ಒಂದು ಹೆಜ್ಜೆ ತಿಳಿಯದ ಹುಡುಗಿಯು ಮೊದಲು ಉಪಾಧ್ಯಾಯಿನಿಯನ್ನು ಕೇಳುವದಿಲ್ಲ. ನೆರೆಯವಳ ವಹಿಯ ಕಡೆಗೆ ಕಣ್ಣು ಹಾಯಿಸುವಳು, ಇಲ್ಲವೆ ಮೆಲ್ಲನೆ ಅವಳನ್ನೇ ಕೇಳುವಳು. ಮೊಬೈಲಿನ ವರ್ಗದಲ್ಲಿ ಈ ಪಿಸುಮಾತಿಗೆ ಎಡೆಯಿಲ್ಲ. ಅಲ್ಲಿ ಒಬ್ಬಳ ಮಾತು ಎಲ್ಲರಿಗೂ ಕೇಳಿಸುವದರಿಂದ ಅಂಜುವವಳು ಸುಮ್ಮನಾಗುವಳು. ಪರದೆಯ ಮೇಲೆ ಅವಳ ಹೆಸರು ಇರುವದು; ಅದರ ಹಿಂದೆ ಅವಳು ಇರುವಳೋ ಇಲ್ಲವೋ ನಮಗೆ ತಿಳಿಯದು.

ನನ್ನದೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹತ್ತನೆಯ ವರ್ಗದ ವಾಟ್ಸಾಪ್ ಗುಂಪಿನಲ್ಲಿ ಹುಡುಗಿಯರು ಹರಟೆ ಹೊಡೆಯುವದನ್ನು ಕಂಡು, ಉಪಾಧ್ಯಾಯಿನಿಯರ ಹೊರತು ಯಾರೂ ಬರೆಯಲಾಗದಂತೆ ನಾನು ಕಟ್ಟುಮಾಡಿದೆನು. ಹರಟೆ ನಿಂತಿತು, ಅದರೊಡನೆ "ನಿನ್ನಿ ಲೆಕ್ಕಾ ಯಾರ ಮಾಡೀರಿ?" ಎಂಬ ಪ್ರಶ್ನೆಯೂ ನಿಂತಿತು. ಮೂರು ವಾರಗಳ ತರುವಾಯ ಇಬ್ಬರು ಪಾಠಕ್ಕೆ ಬರುತ್ತಿಲ್ಲವೆಂದು ತಿಳಿದುಬಂದಿತು. ಒಬ್ಬಳ ತಂದೆ ದುರ್ಗದಬೈಲಿನಲ್ಲಿ ಅಂಗಡಿಯವರು. ಅಂಗಡಿಗಳು ತೆರೆದ ಮೇಲೆ ಮನೆಯ ಒಂದೇ ಮೊಬೈಲು ಹಗಲೆಲ್ಲ ಅವರ ಜೇಬಿನಲ್ಲಿತ್ತು. ಇನ್ನೊಬ್ಬಳಿಗೆ ಮದುವೆಯ ಮಾತು ನಡೆದಿತ್ತು. ಗೆಳತಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಹೇಳುವದಕ್ಕೆ ಸ್ಥಳವನ್ನು ನಾನೇ ಉಳಿಸಿರಲಿಲ್ಲ.

ಆಗಸ್ಟ್ ತಿಂಗಳಲ್ಲಿ ಸರಕಾರವು ತನ್ನ ಶಾಲೆಗಳಿಗಾಗಿ 'ವಿದ್ಯಾಗಮ'ವೆಂಬ ಯೋಜನೆಯನ್ನು ಆರಂಭಿಸಿ, ಮಕ್ಕಳನ್ನು ಅವರವರ ವಸತಿಯಲ್ಲಿಯೇ ಸಣ್ಣ ಗುಂಪುಗಳಾಗಿ ಕೂಡಿಸಿ, ಶಿಕ್ಷಕರನ್ನು ಅವರಲ್ಲಿಗೆ ಕಳುಹಿಸಿತು. ಸೋಂಕಿನ ಭಯದಿಂದ ಅದು ಅಕ್ಟೋಬರದಲ್ಲಿ ತಡೆಯಲ್ಪಟ್ಟಿತಾದರೂ, ಗುಂಪು ಮಾಡುವ ಕ್ರಮವನ್ನು ನಾವು ಅದರಿಂದ ಕಲಿತೆವು. ಗುಂಪಿಗೆ ಐವರು, ಅಂಕಗಳ ಮೇರೆಗೆ ಅಲ್ಲ, ಮನೆಗಳ ಸಾಮೀಪ್ಯದ ಮೇರೆಗೆ. ಹಗಲಲ್ಲಿ ಕೈಗೆ ಸಿಕ್ಕುವ ಮೊಬೈಲು ಗುಂಪಿಗೆ ಒಂದಾದರೂ ಇರಬೇಕು. ಪಾಠ ತಪ್ಪಿದವಳಿಗೆ ವಹಿಯ ಚಿತ್ರವನ್ನು ಅಂದೇ ಕಳುಹಿಸತಕ್ಕದ್ದು. ಎರಡು ದಿನ ಕಾಣದವಳ ಮನೆಗೆ ನಮಗಿಂತ ಮೊದಲು ಗೆಳತಿಯೇ ಫೋನು ಮಾಡತಕ್ಕದ್ದು. ಈ ಗುಂಪುಗಳಲ್ಲಿ ಉಪಾಧ್ಯಾಯಿನಿಯರು ಸೇರಲಿಲ್ಲ. ಕೆಲವು ಪಾಲಕರಿಗೆ ಇದು ಸರಿಬೀಳಲಿಲ್ಲ; ಆದರೆ ಹಿರಿಯರ ಕಣ್ಣೆದುರಿನಲ್ಲಿ ಯಾವ ಹುಡುಗಿಯು "ನನಗೆ ತಿಳಿಯಲಿಲ್ಲ" ಎಂದು ಸಲೀಸಾಗಿ ಬರೆದಾಳು?

ಅಂಗಡಿಯವರ ಮಗಳು ರಾತ್ರಿ ಒಂಬತ್ತರ ಮೇಲೆ, ಮೊಬೈಲು ಮನೆಗೆ ಬಂದ ನಂತರ, ಗೆಳತಿಯ ಬಾಯಿಂದ ಆ ದಿನದ ಪಾಠವನ್ನು ಕೇಳಿಕೊಳ್ಳುತ್ತಿದ್ದಳು. ಹೇಳಿಕೊಟ್ಟವಳಿಗೂ ಪಾಠ ಗಟ್ಟಿಯಾಯಿತು. ಇನ್ನೊಬ್ಬಳ ಮನೆಗೆ ಅವಳ ಗುಂಪಿನ ನಾಲ್ವರ ತಾಯಂದಿರು ತಾವಾಗಿಯೇ ಹೋಗಿಬಂದರು. ಅಲ್ಲಿ ಏನು ಮಾತಾಯಿತೆಂದು ನಾನು ಕೇಳಲಿಲ್ಲ. ೨೦೨೧ನೆಯ ಜುಲೈ ೧೯ ಮತ್ತು ೨೨ರಂದು ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆದಾಗ ಇಬ್ಬರೂ ಕುಳಿತು ಬರೆದರು.