ಮರಳಿನ ಲೆಕ್ಕ ತಪ್ಪಿದ ದಡ

ಜೂನ್ ಮುಗಿಯುವ ಹೊತ್ತಿಗೆ ಕರಾವಳಿಯ ಪತ್ರಿಕೆಗಳಲ್ಲಿ ಒಂದು ಚಿತ್ರ ಬಂದೇ ಬರುತ್ತದೆ: ಬುಡ ಕಳಚಿ ಕಡಲಿಗೆ ಒರಗಿದ ತೆಂಗು, ಗೋಡೆ ಬಿರಿದ ಮನೆ, ಹಿಂದೆ ಕಲ್ಲು ಹೇರಿಕೊಂಡು ನಿಂತ ಟಿಪ್ಪರ್. ಉಳ್ಳಾಲವೋ ಉಚ್ಚಿಲವೋ, ಊರಿನ ಹೆಸರಷ್ಟೇ ಬೇರೆ.

ಮಳೆಗಾಲದಲ್ಲಿ ಮರಳು ಹೋಗುವುದು ಕಡಲಿನ ಮಾಮೂಲಿ ವ್ಯವಹಾರ. ಮುಂಗಾರಿನ ಕಡಿದಾದ ಅಲೆಗಳು ದಡದ ಮರಳನ್ನು ಎಳೆದೊಯ್ದು, ತುಸು ದೂರದಲ್ಲಿ ನೀರಿನಡಿ ದಿಬ್ಬ ಕಟ್ಟುತ್ತವೆ. ಹಿಂದೆ ಬರುವ ಅಲೆಗಳು ಆ ದಿಬ್ಬದ ಮೇಲೆಯೇ ಮುರಿದು, ದಡ ಮುಟ್ಟುವಷ್ಟರಲ್ಲಿ ಅರ್ಧ ಸುಸ್ತಾಗಿರುತ್ತವೆ. ಮಳೆ ನಿಂತ ಮೇಲಿನ ಸಾಧು ಅಲೆಗಳು ಅದೇ ಮರಳನ್ನು ಮೆಲ್ಲಗೆ ತಂದು ದಡಕ್ಕೆ ಹಾಕುತ್ತವೆ. ಹೋದದ್ದು ಪೂರ್ತಿ ವಾಪಸು ಬಾರದಿದ್ದರೆ ಮಾತ್ರ ಅದು ನಿಜವಾದ ಕಡಲ್ಕೊರೆತ.

ವಾಪಸು ಏಕೆ ಬರುವುದಿಲ್ಲ? ಮಂಗಳೂರನ್ನೇ ನೋಡಿ. ನೇತ್ರಾವತಿ, ಗುರುಪುರ ನದಿಗಳೆರಡೂ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ದೋಣಿಗಳ ದಾರಿ ಹೂಳಿನಿಂದ ಮುಚ್ಚದಿರಲೆಂದು 1990ರ ದಶಕದಲ್ಲಿ ಅಳಿವೆ ಬಾಗಿಲಿನ ಎರಡೂ ಬದಿಗೆ ಕಲ್ಲಿನ ಬ್ರೇಕ್‌ವಾಟರ್ (ಅಲೆ ತಡೆಯುವ ದಂಡೆ) ಕಟ್ಟಿದರು. ಮೀನುಗಾರರಿಗೆ ಅದು ಬೇಕೇ ಇತ್ತು. ಆದರೆ ಮರಳು ದಡದಿಂದ ಕಡಲಿಗೆ, ಕಡಲಿನಿಂದ ದಡಕ್ಕೆ ಮಾತ್ರ ಓಡಾಡುವುದಿಲ್ಲ. ಓರೆಯಾಗಿ ಬಡಿಯುವ ಅಲೆಗಳ ಜೊತೆ ತೀರದ ಉದ್ದಕ್ಕೂ ಸಾಗುತ್ತದೆ. ಆ ಸಾಗಾಟಕ್ಕೆ ಕಲ್ಲು ಅಡ್ಡ ಬಂತು. ಉತ್ತರದ ಬೆಂಗ್ರೆ ಬೆಳೆಯಿತು, ದಕ್ಷಿಣದ ಉಳ್ಳಾಲ ಸವೆಯಿತು. ಇತ್ತ ನದಿಯಿಂದ ಬರಬೇಕಾದ ಹೊಸ ಮರಳಿನಲ್ಲಿ ಒಂದಷ್ಟು ಅಣೆಕಟ್ಟಿನ ಹಿಂದೆ ನಿಂತಿತು, ಇನ್ನಷ್ಟು ಲಾರಿ ಹತ್ತಿತು.

1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಅಳೆದು ನೋಡಿದೆ. ಕರ್ನಾಟಕದ ತೀರದ ಸುಮಾರು ಕಾಲು ಭಾಗ ಕೊರೆದುಹೋಗಿದೆ. ಹೆಚ್ಚುಕಡಿಮೆ ಅಷ್ಟೇ ಉದ್ದದ ತೀರ ಬೆಳೆದೂ ಇದೆ. ಎಲ್ಲವನ್ನೂ ಏರುವ ಕಡಲಿನ ತಲೆಗೆ ಕಟ್ಟುವವರು ಈ ಎರಡನೆಯ ಮಾತನ್ನು ಗಮನಿಸಬೇಕು.

ಹಾಗೆಂದು ಕಡಲು ಏರುತ್ತಿಲ್ಲವೆಂದಲ್ಲ. 1901ರಿಂದ 2018ರೊಳಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. 2006ರಿಂದ 2018ರ ನಡುವೆ ಏರಿಕೆಯ ವೇಗ ವರ್ಷಕ್ಕೆ 3.7 ಮಿಲಿಮೀಟರ್. ಬಿಸಿಯಾದ ನೀರು ಹಿಗ್ಗುತ್ತದೆ, ಕರಗಿದ ಹಿಮ ಬಂದು ಸೇರುತ್ತದೆ. ಮಿಲಿಮೀಟರಿಗೆ ಏನು ಮಹಾ ಅನ್ನಿಸಬಹುದು. ಆದರೆ ಮರಳಿನ ದಡದ ಇಳಿಜಾರು ಬಹಳ ಕಡಿಮೆ: ನೀರು ಒಂದು ಸೆಂಟಿಮೀಟರ್ ಏರಿದರೆ ತೀರ ಅರ್ಧದಿಂದ ಒಂದು ಮೀಟರ್ ಹಿಂದೆ ಸರಿದೀತು ಎಂಬುದು ಒಂದು ಅಂದಾಜು. ಮರಳು ಸಾಲದ ದಡಕ್ಕೆ ಇದು ಗಾಯದ ಮೇಲೆ ಬರೆ.

ಕಡಲ್ಕೊರೆತಕ್ಕೆ ನಮಗೆ ಗೊತ್ತಿರುವ ಒಂದೇ ಮದ್ದು ಕಲ್ಲು. ತಡೆಗೋಡೆ ತನ್ನ ಹಿಂದಿನ ಮನೆಯನ್ನು ಕೆಲಕಾಲ ಉಳಿಸುತ್ತದೆ, ಮುಂದಿನ ಮರಳನ್ನಲ್ಲ. ಗೋಡೆಗೆ ಬಡಿದು ಹಿಂದಿರುಗುವ ಅಲೆ ಅದರ ಬುಡವನ್ನೇ ಅಗೆಯುತ್ತದೆ, ಕಲ್ಲು ಕುಸಿಯುತ್ತದೆ. ಗೋಡೆ ಮುಗಿಯುವಲ್ಲಿ ಪಕ್ಕದವರ ಜಾಗ ಇನ್ನೂ ಜೋರಾಗಿ ಕೊರೆದುಹೋಗುತ್ತದೆ. ಮರುವರ್ಷ ಅವರೂ ಕಲ್ಲು ಕೇಳುತ್ತಾರೆ. ಕೆಲವು ಕಡೆ ಬೇರೆ ದಾರಿಯಿಲ್ಲ, ನಿಜ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ. ಅಲ್ಲಿ ಟಿ ಆಕಾರದ ಗ್ರೋಯ್ನ್‌ಗಳನ್ನು (ದಡದಿಂದ ಕಡಲಿಗೆ ಚಾಚಿದ ಕಲ್ಲಿನ ದಂಡೆಗಳನ್ನು) ಕಟ್ಟಿದ್ದು ಅರ್ಥವಾಗುತ್ತದೆ.

ಉಳಿದೆಡೆ ಮರಳನ್ನೇ ಸಾಗಿಸಬಹುದು. ಬಂದರಿನ ಒಂದು ಬದಿಯಲ್ಲಿ ತಡೆದು ನಿಂತ ಮರಳನ್ನು ಡ್ರೆಜರ್‌ನಿಂದ ಎತ್ತಿ ಇನ್ನೊಂದು ಬದಿಯ ಬೀಚಿಗೆ ಸುರಿಯುವ ಕೆಲಸವನ್ನು ವಿಶಾಖಪಟ್ಟಣ ದಶಕಗಳಿಂದ ಮಾಡುತ್ತ ಬಂದಿದೆ. ನೆದರ್ಲೆಂಡ್ಸ್ 2011ರಲ್ಲಿ ಹೇಗ್ ನಗರದ ಬಳಿ 2.15 ಕೋಟಿ ಘನ ಮೀಟರ್ ಮರಳನ್ನು ಒಂದೇ ಕಡೆ ಸುರಿದು, ಹಂಚುವ ಕೆಲಸವನ್ನು ಅಲೆ, ಗಾಳಿಗಳಿಗೇ ಬಿಟ್ಟಿತು. ಸುರಿದ ಮರಳು ಮತ್ತೆ ಸವೆಯುತ್ತದೆ, ಮತ್ತೆ ಸುರಿಯಬೇಕು. ಅಗ್ಗದ ಕೆಲಸವೇನಲ್ಲ. ಆದರೆ ನಮ್ಮ ಕಲ್ಲಿನ ಕತೆಯೂ ಅದೇ ತಾನೆ?

ಎಲ್ಲಕ್ಕಿಂತ ಅಗ್ಗದ್ದು ಕಡಲಿಗೆ ಜಾಗ ಬಿಡುವುದು. 2011ರ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ನಿಯಮದ ಪ್ರಕಾರ ಗ್ರಾಮೀಣ ತೀರಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಸಾಮಾನ್ಯವಾಗಿ ಹೊಸ ಕಟ್ಟಡ ಏಳುವಂತಿರಲಿಲ್ಲ. 2019ರ ತಿದ್ದಿದ ನಿಯಮ ಜನ ದಟ್ಟವಾಗಿರುವ ಹಳ್ಳಿಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿದೆ.